ಹವ್ಯಾಸಿ ಓಟಗಾರನ ವರುಷ

‘ಯಾರರೆ ಬೆನ್ನ ಹತ್ಯಾರೇನೋ ತಮ್ಮಾ?’

ಗೋಕಾಕದ ಲೋಳಸೂರ ಸೇತುವೆಯ ಮೇಲೆ ಬೆಳಗಿನ ಐದೂವರೆಗೆ ಓಡುವವನಿಗೆ, ಹಾಲಿನ ಕ್ಯಾನು ಕಟ್ಟಿಕೊಂಡು ಗಾಡಿಯ ಮೇಲೆ ಎದುರು ಬರುವ ಹಿರಿಯರು ಕೇಳುವ ಮೊದಲ ಪ್ರಶ್ನೆಯಿದು. ‘ಇಲ್ಲ ಕಾಕಾ’ ಎಂದರೆ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ: ‘ಹಂಗಾರ ಭರ್ತಿಗೇನು?’ ಅದಕ್ಕೂ ಇಲ್ಲವೆಂದರೆ ಅವರು ಗಾಡಿಯ ವೇಗವನ್ನು ತುಸು ತಗ್ಗಿಸಿ, ನನ್ನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿ, ಏನೂ ಆಡದೆ ಮುಂದೆ ಸಾಗುತ್ತಾರೆ. ಆ ಮೌನಕ್ಕೆ ಉತ್ತರವಾಗಿ ಈ ಲೇಖನ.

ನಮ್ಮ ಕಡೆ ಓಟವೆಂದರೆ ಭರ್ತಿ ಎಂದು ಜನ ತಿಳಿದಿರುವುದರಲ್ಲಿ ತಪ್ಪೇನೂ ಇಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿ ನಸುಕಿನಲ್ಲಿ ಓಡುವ ಹುಡುಗರನ್ನು ಕಾಣಬಹುದು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ಕಣ್ಣು 1600 ಮೀಟರಿನ ಮೇಲೆ. ಪೊಲೀಸ್ ಪೇದೆಯ ಪರೀಕ್ಷೆಯಲ್ಲಿ ಅದನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಮುಗಿಸಬೇಕು. ಸೇನೆಯ ಭರ್ತಿಗೆ ನಾನು ಹೋದಾಗ 5 ನಿಮಿಷ 30 ಸೆಕೆಂಡಿನೊಳಗೆ ಬಂದವರಿಗೆ ಪೂರ್ಣ ಅಂಕ, ಆಮೇಲೆ ಬಂದವರಿಗೆ ಕಡಿಮೆ. ಕೆಲಸ ಸಿಕ್ಕಿತೆಂದರೆ, ಇಲ್ಲವೆ ವಯಸ್ಸು ಮೀರಿತೆಂದರೆ, ಬೂಟು ಜಂತಿಗೆ ತೂಗುಬೀಳುತ್ತದೆ. ನನ್ನ ವಯಸ್ಸು ಮೀರಿತು. ಬೂಟು ಮಾತ್ರ ಇನ್ನೂ ಕಾಲಲ್ಲಿದೆ. ಇಂಥವನಿಗೆ ಹವ್ಯಾಸಿ ಓಟಗಾರನೆಂದು ಹೆಸರು.

ಈ ಹವ್ಯಾಸ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ತರುಣರು 1920ರಲ್ಲಿ ಬೆಲ್ಜಿಯಮ್ ದೇಶದ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಹಿಂದಿನ ವರುಷ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಹುಡುಗರನ್ನು ಕಂಡು ದೊರಾಬ್ಜಿ ಟಾಟಾ ಅವರು ಬೆರಗಾಗಿ, ಇಂಥವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಮನಸ್ಸು ಮಾಡಿದ್ದರು. ಹಾಗೆ ಹೊರಟ ತಂಡದಲ್ಲಿ ನಾಲ್ವರು ಓಟಗಾರರು, ಇಬ್ಬರು ಪೈಲವಾನರು. ಚೌಗುಲೆಯವರು ತೆಗೆದುಕೊಂಡ ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಆ ದಿನದ ದಾರಿ ಈಗಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು. ನೂರು ವರುಷದ ಮೇಲೆ, ಮೆತ್ತನೆಯ ಬೂಟು ಹಾಕಿಕೊಂಡು, ಆ ವೇಗದಲ್ಲಿ ಹತ್ತು ಕಿಲೋಮೀಟರು ಓಡುವಷ್ಟರಲ್ಲೇ ನನಗೆ ಏದುಸಿರು ಬರುತ್ತದೆ.

ಇರಲಿ. ಓಟಗಾರನ ದಿನಚರಿ ಹೇಗಿರುತ್ತದೆಂಬುದನ್ನು ಹೇಳುವೆ. ವಾರದಲ್ಲಿ ಐದು ದಿನ ಓಟ. ಅದರಲ್ಲಿ ನಾಲ್ಕು ದಿನದ ಓಟವನ್ನು ಕಂಡವರು ‘ಇವನೇನು ಓಡತಾನ, ನಮ್ಮ ಎಮ್ಮಿ ಇದಕ್ಕಿಂತ ಜೋರ ಹೋಗ್ತದ’ ಎಂದು ನಗಬಹುದು. ಕಿಲೋಮೀಟರಿಗೆ ಆರು ನಿಮಿಷದಂತೆ, ಪಕ್ಕದವನೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಬರುವಷ್ಟು ನಿಧಾನ. ಮಾತು ತುಂಡಾಯಿತೆಂದರೆ ವೇಗ ಹೆಚ್ಚಾಯಿತೆಂದು ಅರ್ಥ. ಇದಕ್ಕಿಂತ ಅಗ್ಗದ ಅಳತೆಗೋಲು ಇನ್ನೊಂದಿಲ್ಲ. ಹೀಗೆ ನಿಧಾನವಾಗಿ, ಆದರೆ ದೀರ್ಘ ಹೊತ್ತು ಓಡಿದಾಗ ಕಾಲಿನ ಸ್ನಾಯುಗಳಲ್ಲಿ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳು ಹೆಚ್ಚುತ್ತವೆ. ಪ್ರಾಣವಾಯುವನ್ನು ಬಳಸಿ ಶಕ್ತಿ ಹುಟ್ಟಿಸುವ ಸೂಕ್ಷ್ಮ ಭಾಗಗಳು ಜೀವಕೋಶಗಳೊಳಗೆ ಬೆಳೆಯುತ್ತವೆ. ಹೃದಯವು ಒಂದೊಂದು ಬಡಿತಕ್ಕೆ ಮೊದಲಿಗಿಂತ ಹೆಚ್ಚು ರಕ್ತವನ್ನು ನೂಕುತ್ತದೆ. ಇವೆಲ್ಲ ಕಾಲುವೆ ತೋಡಿದ ಹಾಗೆ, ತಿಂಗಳುಗಟ್ಟಲೆ ನಡೆಯುವ ಕೆಲಸ. ಉಳಿದ ಒಂದು ದಿನ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿದ 400 ಮೀಟರಿನ ಸುತ್ತುಗಳನ್ನು, ನಡುನಡುವೆ ನಡಿಗೆ ಬೆರೆಸಿ, ಜೋರಾಗಿ ಓಡುವುದು. ಅದು ಕಾಲುವೆಗೆ ನೀರು ಬಿಟ್ಟಂತೆ. ಕಾಲುವೆಯೇ ಇಲ್ಲದೆ ನೀರು ಬಿಟ್ಟರೆ ಏನಾಗುತ್ತದೆಂಬುದನ್ನು ನಾನು ಮೈಮೇಲೆ ಕಲಿತೆ. ಅದನ್ನು ಮುಂದೆ ಹೇಳುತ್ತೇನೆ.

ರವಿವಾರ ಉದ್ದ ಓಟದ ದಿನ. ಊರಿನಿಂದ ಗೋಕಾಕ ಫಾಲ್ಸಿಗೆ ಆರು ಕಿಲೋಮೀಟರು, ಪೂರ ಏರು. ಘಟಪ್ರಭೆಯು 52 ಮೀಟರು ಕೆಳಗೆ ಧುಮುಕಿ ನಮ್ಮೂರಿಗೆ ಬರುವುದರಿಂದ, ನಾವು ಅಲ್ಲಿಗೆ ಹೋಗಬೇಕಾದರೆ ಆ ಎತ್ತರವನ್ನು ಕಾಲಿನಿಂದ ಮರಳಿ ಹತ್ತಲೇಬೇಕಷ್ಟೆ. ಗಿರಣಿಯ ಹತ್ತಿರ ಹೋಗಿ, ತೂಗುಸೇತುವೆಯನ್ನು ದೂರದಿಂದಲೇ ನೋಡಿ, ತಿರುಗಿ ಇಳಿಯುವುದು. ಇಳಿಜಾರಿನಲ್ಲಿ ಹುಮ್ಮಸ್ಸಿಗೆ ಬಿದ್ದು ಜೋರಾಗಿ ಓಡಬಾರದು. ಏರಿಗಿಂತ ಇಳಿಜಾರೇ ತೊಡೆಗಳನ್ನು ಹೆಚ್ಚು ಕೆಡಿಸುತ್ತದೆ.

ಕಬ್ಬಿನ ಹಂಗಾಮಿನಲ್ಲಿ, ಅಂದರೆ ದೀಪಾವಳಿಯಿಂದಾಚೆಗೆ, ಓಟಗಾರನ ನಿಜವಾದ ಶತ್ರು ಟ್ರ್ಯಾಕ್ಟರು. ಎರಡು ಟ್ರೇಲರು ಕಬ್ಬು ಹೇರಿಕೊಂಡು, ಹಿಂದೆ ಕೆಂಪು ದೀಪವೂ ಇಲ್ಲದೆ, ನಸುಕಿನ ಮಬ್ಬಿನಲ್ಲಿ ಹಾಡು ಹಚ್ಚಿಕೊಂಡು ಬರುತ್ತವೆ. ಅದಕ್ಕೇ ಬಿಳಿ ಅಂಗಿ ಹಾಕಿ, ಎದುರಿನ ವಾಹನ ಕಣ್ಣಿಗೆ ಬೀಳುವಂತೆ ರಸ್ತೆಯ ಬಲಮಗ್ಗುಲಲ್ಲಿ ಓಡಬೇಕು. ಕಿವಿಯಲ್ಲಿ ಏನನ್ನೂ ತುರುಕಿಕೊಳ್ಳಬಾರದು.

ಊಟದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇವಿದ್ದರೆ ಓಟಗಾರನಿಗೆ ಬೇರೆ ಪುಡಿ, ಡಬ್ಬಿ ಬೇಕಿಲ್ಲವೆಂಬುದು ನನ್ನ ಮತ. ಉದ್ದ ಓಟದ ನಂತರ ಒಂದು ತುಂಡು ಕರದಂಟು. ಅಂಟನ್ನು ತುಪ್ಪದಲ್ಲಿ ಕರಿದು ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿಗಳೊಡನೆ ಕೂಡಿಸಿದ ಈ ತಿನಿಸನ್ನು ನಮ್ಮೂರವರು ಓಟಗಾರನಿಗಾಗಿಯೇ ಕಂಡುಹಿಡಿದರೋ ಎನ್ನಿಸುತ್ತದೆ. ಬಾಣಂತಿಯರಿಗಾಗಿ ಎಂದು ಅವ್ವ ಹೇಳುತ್ತಾಳೆ.

ಇನ್ನು ನನ್ನ ತಪ್ಪಿನ ಕಥೆ. ಭರ್ತಿಗೆ ಮೂರು ತಿಂಗಳಿರುವಾಗ ನನ್ನ 1600 ಮೀಟರಿನ ಕಾಲ 5 ನಿಮಿಷ 40 ಸೆಕೆಂಡು. ಹತ್ತು ಸೆಕೆಂಡು ಕಳೆದುಕೊಂಡರೆ ಪೂರ್ಣ ಅಂಕ. ಮನೆಯವರೆಲ್ಲರ ಕಣ್ಣು ಆ ಹತ್ತು ಸೆಕೆಂಡಿನ ಮೇಲೆ. ಸಾಲದ ಕಾಗದದ ಮೇಲೆ ಅಪ್ಪ ಬರೆದುಕೊಂಡಿದ್ದ ಲೆಕ್ಕದಲ್ಲಿ ನನ್ನ ಪಗಾರವೂ ಸೇರಿತ್ತೆಂದು ಆಮೇಲೆ ತಿಳಿಯಿತು. ನಾನು ದಿನಾಲು 1600 ಮೀಟರನ್ನು ಪ್ರಾಣ ಬಿಟ್ಟು ಓಡತೊಡಗಿದೆ. ರಜೆಯಿಲ್ಲ, ನಿಧಾನದ ಓಟವಿಲ್ಲ. ಮೊದಲ ಎರಡು ವಾರ ಕಾಲ ಇಳಿಯಿತು. ಮೂರನೆಯ ವಾರಕ್ಕೆ ಎಡಗಾಲಿನ ಮೊಣಕಾಲ ಕೆಳಗಿನ ಎಲುಬಿನಲ್ಲಿ, ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾದ ಒಂದು ಕಡೆ, ನೋವು ಹುಟ್ಟಿತು. ಎಣ್ಣೆ ಹಚ್ಚಿ, ಬಟ್ಟೆ ಕಟ್ಟಿ, ಯಾರಿಗೂ ಹೇಳದೆ ಓಡಿದೆ. ಭರ್ತಿಯ ದಿನ ಮೂರನೆಯ ಸುತ್ತಿಗೆ ಕಾಲು ಊರಲು ಬರಲಿಲ್ಲ. ನಾಲ್ಕನೆಯ ಸುತ್ತನ್ನು ಕುಂಟುತ್ತ ಮುಗಿಸಿದೆ. ‘ಮುಂದಿನ ಸಾರಿ ನೋಡಿದ್ರಾತು ಬಿಡೋ’ ಎಂದರು ಅಪ್ಪ. ಮುಂದಿನ ಸಾರಿ ನನಗಿರಲಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ಎಲುಬು ಕಲ್ಲಲ್ಲ, ಜೀವವುಳ್ಳ ವಸ್ತು. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಕಿಲೋಮೀಟರಿಗೆ ಸುಮಾರು ಒಂದು ಸಾವಿರ ಹೆಜ್ಜೆ. ಈ ಭಾರವನ್ನು ತಾಳಲು ದೇಹವು ದಣಿದ ಎಲುಬನ್ನು ಮೊದಲು ಕರಗಿಸಿ, ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸಕ್ಕೆ ಎರಡು ಮೂರು ವಾರ ಸಾಕು, ಕಟ್ಟುವುದಕ್ಕೆ ತಿಂಗಳುಗಳು ಬೇಕು. ಹಳೆಯ ಗೋಡೆ ಕೆಡವಿ ಹೊಸ ಗೋಡೆ ಏಳುವ ಮುನ್ನವೇ ಮೇಲೆ ಮಾಳಿಗೆ ಹೇರಿದರೆ ಮನೆ ಕುಸಿಯದೆ ಇದ್ದೀತೆ? ನನ್ನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿದ್ದಿತ್ತು. ಡಾಕ್ಟರರು ಎಂಟು ವಾರ ಓಡಬೇಡವೆಂದರು.

ಆ ಎಂಟು ವಾರಗಳಲ್ಲಿ ನಾನು ಓಟಗಾರರ ಚರಿತ್ರೆಯನ್ನು ಓದಿದೆ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಮೈಲಿಯನ್ನು ಮೊಟ್ಟಮೊದಲು ನಾಲ್ಕು ನಿಮಿಷದೊಳಗೆ, ಅಂದರೆ 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿದ ರೋಜರ್ ಬ್ಯಾನಿಸ್ಟರ್ ವೈದ್ಯಕೀಯ ವಿದ್ಯಾರ್ಥಿ, ಅಪ್ಪಟ ಹವ್ಯಾಸಿ. ಆ ವಸಂತದಲ್ಲಿ ಅವರು ಗೆಳೆಯರೊಡನೆ ಕಾಲು ಮೈಲಿಯನ್ನು ಹತ್ತು ಸಾರಿ, ನಡುವೆ ತುಸು ಬಿಡುವು ಕೊಟ್ಟು, ಓಡುತ್ತಿದ್ದರು. ಒಂದೊಂದು ಸಾರಿಯ ಕಾಲ 61 ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಎಷ್ಟು ತಿಣುಕಿದರೂ ಕೆಳಗಿಳಿಯದು. ಆಗ ಅವರು ಏನು ಮಾಡಿದರೆಂದು ಊಹಿಸುತ್ತೀರಿ? ಓಟ ಬಿಟ್ಟು ಕ್ರಿಸ್ ಬ್ರೇಷರ್ ಎಂಬ ಗೆಳೆಯನೊಡನೆ ಸ್ಕಾಟ್‌ಲೆಂಡಿನ ಬೆಟ್ಟ ಹತ್ತಲು ಹೋದರು. ಬಂದ ಮೇಲೆ ಓಡಿ ನೋಡಿದರೆ 59! ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಬೂಟಿನ ಕಾರಖಾನೆಯಲ್ಲಿ ದುಡಿಯುತ್ತ, ತನ್ನ ದೇಹದ ಮೇಲೆಯೇ ಪ್ರಯೋಗ ಮಾಡಿಕೊಂಡು, ಮೊದಲು ತಿಂಗಳುಗಟ್ಟಲೆ ಉದ್ದದ ಹದವಾದ ಓಟ, ವೇಗ ಕಟ್ಟಕಡೆಗೆ ಎಂಬ ಪದ್ಧತಿಯನ್ನು ಕಂಡುಕೊಂಡರು. ಅವರ ಶಿಷ್ಯರಿಬ್ಬರು 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದರು. ಅದರಲ್ಲಿ ಒಬ್ಬನ ಓಟ ಬರೇ 800 ಮೀಟರು. ಅಷ್ಟು ಚಿಕ್ಕ ಓಟಕ್ಕೂ ಅಷ್ಟು ಉದ್ದದ ತಯಾರಿ!

ಇದೆಲ್ಲ ಮೊದಲೇ ತಿಳಿದಿದ್ದರೆ ಎಂದು ಹಳಹಳಿಸಿದ್ದುಂಟು. ಅಂದಿನಿಂದ ನಾನು ವರುಷವನ್ನು ಬೇರೆ ರೀತಿ ಹಂಚಿಕೊಂಡೆ. ಜೂನಿನಿಂದ ಸಪ್ಟಂಬರದವರೆಗೆ ಮಳೆಯಲ್ಲಿ ನಿಧಾನದ ಓಟ. ಅಕ್ಟೋಬರದಿಂದ ಜನವರಿಯವರೆಗೆ ವೇಗ ಮತ್ತು ಸ್ಪರ್ಧೆ. ಆಮೇಲೆ ಜಾತ್ರೆಗಳ ಓಟ. ಜಾತ್ರೆಯ ಓಟದ ಅಂತರ ಐದು ಕಿಲೋಮೀಟರೆಂದು ಕೂಗಿ ಹೇಳುತ್ತಾರೆ. ಯಾರದೋ ಮೋಟಾರುಸೈಕಲ್ಲಿನ ಮೀಟರಿನಿಂದ ಅಳೆದದ್ದಾದ್ದರಿಂದ ನಾಲ್ಕೂವರೆಯೂ ಆಗಬಹುದು, ಐದೂವರೆಯೂ ಆಗಬಹುದು. ಬಹುಮಾನದ ಸ್ಟೀಲಿನ ಕೊಡ ಮಾತ್ರ ಅಳತೆಗೆ ಸರಿಯಾಗಿರುತ್ತದೆ.

ಏಪ್ರಿಲ್, ಮೇ ತಿಂಗಳು ಓಟಕ್ಕೆ ರಜೆ. ಈ ಬಿಸಿಲಲ್ಲಿ ಮೈ ತಂಪಾಗಿಡಲು ರಕ್ತ ಚರ್ಮದ ಕಡೆ ಹರಿಯುವುದರಿಂದ ಕಾಲಿನ ಪಾಲು ಕಡಿಮೆಯಾಗಿ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ಆದ್ದರಿಂದ ರಜೆಗೆ ಇದೇ ಯೋಗ್ಯ ಕಾಲ. ನಾನು ಮೂಡಲಗಿಯ ಕಡೆ ಸೋದರಮಾವನ ಹೊಲಕ್ಕೆ ಹೋಗುತ್ತೇನೆ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಆ ಸೀಮೆಯಲ್ಲಿ ಕಾಲುವೆಯ ನೀರು, ಕಬ್ಬು, ಬಾವಿ. ಬೆಳಿಗ್ಗೆ ಬಾವಿಯಲ್ಲಿ ಒಂದು ತಾಸು ಈಜಿದರೆ ಉಸಿರಿಗೆ ಓಟದಷ್ಟೇ ಕೆಲಸ, ಎಲುಬಿಗೆ ಮಾತ್ರ ಪೂರ್ಣ ವಿಶ್ರಾಂತಿ. ಸಂಜೆ ಮಾವನೊಡನೆ ಕೃಷ್ಣ ಪಾರಿಜಾತದ ಬೆನ್ನು ಹತ್ತುವುದು. ಆ ಆಟಕ್ಕೆ ಹೆಸರು ತಂದ ತಮ್ಮಣ್ಣನ ಕುಲಗೋಡವೂ, ಪಾತ್ರ ಮಾಡಿ ನಾಡೆಲ್ಲ ಹೆಸರಾದ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯವು. ‘ರಾತ್ರಿಯೆಲ್ಲಾ ನಿದ್ದಿಗೆಟ್ಟರ ಓಡೂದು ಹೆಂಗೋ ಅಳಿಯಾ?’ ಎಂದು ಮಾವ ಕೆಣಕುತ್ತಾನೆ. ಹಂಗಾಮಿನಲ್ಲಿ ಒಂಬತ್ತೂವರೆಗೆ ಮಲಗುವ ನಾನು ಬೆಳಗಿನ ತನಕ ಆಟ ನೋಡುವುದು ಈ ಎರಡು ತಿಂಗಳಲ್ಲಿ ಮಾತ್ರ.

ಮೇ ತಿಂಗಳ ಕೊನೆಗೆ ಹುಕ್ಕೇರಿಯ ಅಕ್ಕನ ಮನೆ. ಅಲ್ಲಿ ಸೈಕಲ್ಲು. ಆದಿಲಶಾಹಿ ಕಾಲದ ಗುಮ್ಮಟಗಳನ್ನು ಸುತ್ತಿ, ಹಿಡಕಲ್ಲಿನ ಜಲಾಶಯದ ತನಕ ಹೋಗಿ ಬರುವುದು. ಆ ಹೊತ್ತಿಗೆ ನೀರು ಹಿಂದೆ ಸರಿದು ತಳದ ನೆಲ ಬಿರುಕುಬಿಟ್ಟಿರುತ್ತದೆ. ಮಾವನ ಕಬ್ಬಿಗೆ ಬರುವುದೂ ಈ ನೀರೇ, ನಮ್ಮ ಫಾಲ್ಸಿನಲ್ಲಿ ಬೀಳುವುದೂ ಈ ನೀರೇ.

ಹಕ್ಕಿಗಳ ಹುಚ್ಚು ಮಾತ್ರ ಬೇಸಿಗೆಯದಲ್ಲ, ಚಳಿಗಾಲದ ವಾರದ ರಜೆಯದು. ಧೂಪದಾಳದ ಒಡ್ಡಿನ ಹಿನ್ನೀರಿಗೆ, 1974ರಿಂದ ಪಕ್ಷಿಧಾಮವಾಗಿರುವಲ್ಲಿಗೆ, ಮಧ್ಯ ಏಷ್ಯಾದ ಕಡೆಯಿಂದ ಡೆಮೊಸೆಲ್ ಎಂಬ ಜಾತಿಯ ಕ್ರೌಂಚಗಳು ಬರುತ್ತವೆ. ಅಷ್ಟು ದೂರ ಹಾರಿ ಬಂದ ಹಕ್ಕಿಗಳು ದಿನವೆಲ್ಲ ಮಾಡುವುದೇನೆಂದರೆ ಹೊಲಕ್ಕಿಳಿದು ಕಾಳು ಮೇಯುವುದು, ನೀರಿಗೆ ಬಂದು ನಿಲ್ಲುವುದು. ದಂಡೆಯಲ್ಲಿ ಕುಳಿತು ಗಂಟೆಗಟ್ಟಲೆ ನೋಡಿದ್ದೇನೆ. ಅವಕ್ಕೆ ಅವಸರವೇ ಇಲ್ಲ.

ಹೀಗೆ ಒಂದೂವರೆ ವರುಷ ಕಳೆದ ಮೇಲೆ, ಕಳೆದ ಡಿಸೆಂಬರದ ಒಂದು ಮುಂಜಾನೆ, ಗೆಳೆಯನ ಕೈಗೆ ಗಡಿಯಾರ ಕೊಟ್ಟು ಅದೇ 1600 ಮೀಟರನ್ನು ಓಡಿದೆ. 5 ನಿಮಿಷ 14 ಸೆಕೆಂಡು. ಗೆಳೆಯ ಎರಡು ಸಾರಿ ಗಡಿಯಾರ ನೋಡಿದ. ಆ ಕಾಲಕ್ಕೆ ಇನ್ನು ಯಾವ ಭರ್ತಿಯಲ್ಲೂ ನನಗೆ ಅಂಕವಿಲ್ಲ. ಪೊಲೀಸ್ ಪರೀಕ್ಷೆ ಉಂಟಲ್ಲ ಎನ್ನುವಿರೇನೋ. ಅದಕ್ಕೆ 168 ಸೆಂಟಿಮೀಟರು ಎತ್ತರ ಬೇಕು, ನಾನು ಒಂದು ಸೆಂಟಿಮೀಟರು ಕಡಿಮೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಎಮ್ಮೆಗೆ ಮೇವು ಹಾಕುತ್ತಿದ್ದವರು ಕೈ ತಡೆದು, ‘ಐದು ಹದಿನಾಲ್ಕು?’ ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಲ ನೋಯ್ತದೇನು?’ ಎಂದರು. ಇಲ್ಲವೆಂದೆ.

ನಮ್ಮ ಕಾಲೇಜಿನಲ್ಲಿ ಈಗಲೂ ಭರ್ತಿಗಾಗಿ ಓಡುವ ತಮ್ಮಂದಿರು, ತಂಗಿಯರು ಅನೇಕರಿದ್ದಾರೆ. ಎಲುಬಿನ ಮೇಲೆ ಒಂದೇ ಕಡೆ ಬೆರಳಿಟ್ಟಾಗ ನೋಯುತ್ತಿದ್ದರೆ ಅಂದೇ ಓಟ ನಿಲ್ಲಿಸಿ ಡಾಕ್ಟರರಿಗೆ ತೋರಿಸಿರಿ. ಉಳಿದವರು ಬೇಕಾದರೆ ಬೆಳಗಿನ ಐದೂವರೆಗೆ ಲೋಳಸೂರ ಸೇತುವೆಯ ಹತ್ತಿರ ಬನ್ನಿರಿ. ಸೋಮವಾರ ಮತ್ತು ಶುಕ್ರವಾರ ನಾನು ಬರುವುದಿಲ್ಲ. ಬಿಳಿ ಅಂಗಿ ಹಾಕಿಕೊಂಡಿರಲಿ, ಮಾತು ಬಹಳವಿರಲಿ.