ತಂಗಡಿ ಹೂವು ಮೊಡವೆಗೆ ಮದ್ದೇ?

ಆದವಾನಿ, ಆಲೂರು, ಕೋಸಗಿ ಕಡೆಯ ಒಣನೆಲದಲ್ಲಿ ಯಾರೂ ನೀರೆರೆಯದೆ ಬೆಳೆದು ಹಳದಿ ಹೂ ಬಿಡುವ ಗಿಡ ತಂಗಡಿ. ಕೆಲವರು ಆವರಿಕೆ ಎನ್ನುತ್ತಾರೆ. ತೆಲುಗಿನಲ್ಲಿ ಅದು ತಂಗೇಡು. ಇದರ ಹೂವನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಹೆಸರುಹಿಟ್ಟಿನೊಡನೆ ಕಲಸಿ ಮುಖಕ್ಕೆ ಹಚ್ಚುವುದು ಅಜ್ಜಿಯರ ಕಾಲದ ರೂಢಿ. ಮೊಡವೆಯಿಂದ ನೊಂದು ಕನ್ನಡಿ ನೋಡಲೂ ಅಂಜುವ ನಮ್ಮ ಮಕ್ಕಳಿಗೆ ಇದು ನಿಜಕ್ಕೂ ಉಪಕಾರಿಯೇ? ಇಂಥ ಗಿಡಮೂಲಿಕೆಯನ್ನು ವಿಜ್ಞಾನಿಗಳು ಹೇಗೆ ಪರೀಕ್ಷಿಸುತ್ತಾರೆಂದು ತಿಳಿದರೆ ಉತ್ತರ ಸುಲಭವಾಗುತ್ತದೆ.

ಮೊದಲು ಹೂಪುಡಿಯನ್ನು ಮದ್ಯಸಾರದಲ್ಲಿ ನೆನೆಸಿ, ಸೋಸಿ, ಆರಿಸಿ ಸಾರ ತೆಗೆಯುತ್ತಾರೆ. ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುವುದಿಲ್ಲವೇ? ಚರ್ಮದ ಜಿಡ್ಡು ಕೂಡ ಹಾಗೆಯೇ ಆಮ್ಲಜನಕದಿಂದ ಕೆಟ್ಟು ಮೊಡವೆಯ ಉರಿಯೂತವನ್ನು ಹೆಚ್ಚಿಸುತ್ತದೆ. ಇಂಥ ಕೆಡುವಿಕೆಯನ್ನು ತಡೆಯುವ ವಸ್ತುವೇ ಆಂಟಿಆಕ್ಸಿಡೆಂಟ್. ಅದನ್ನು ಪತ್ತೆಮಾಡಲು ಡಿಪಿಪಿಎಚ್ ಎಂಬ ನೇರಳೆ ದ್ರಾವಣವಿದೆ. ಸಾರ ಬೆರೆತಾಗ ನೇರಳೆ ಮಾಸಿ ಹಳದಿಯಾದರೆ ಆ ಗುಣ ಇದೆ ಎಂದರ್ಥ. ಹೂವಿನ ಸಾರಕ್ಕೂ ಸ್ವಂತ ಬಣ್ಣವಿರುವುದರಿಂದ ಅದನ್ನು ಲೆಕ್ಕದಿಂದ ಕಳೆದು, 'ಸಿ' ಜೀವಸತ್ವದೊಡನೆ ಹೋಲಿಸುತ್ತಾರೆ. ತಂಗಡಿ ಹೂವು ಪ್ರಯೋಗಾಲಯಗಳಲ್ಲಿ ಈ ಗುಣ ತೋರಿದೆ.

ಎರಡನೆಯದು ರೋಗಾಣುವಿನ ಪರೀಕ್ಷೆ. ಮೊಡವೆಯಲ್ಲಿ ಪಾತ್ರ ವಹಿಸುವ ಕ್ಯುಟಿಬ್ಯಾಕ್ಟೀರಿಯಮ್ ಆಕ್ನಿಸ್ ಎಂಬ ಸೂಕ್ಷ್ಮಜೀವಿಯನ್ನು ಆಮ್ಲಜನಕವಿಲ್ಲದ ಪಾತ್ರೆಯಲ್ಲಿ ಬೆಳೆಸುತ್ತಾರೆ. ಅದು ಬೆಳೆಯುವ ತಟ್ಟೆಯ ಒಂದು ಕುಳಿಗೆ ಸಾರ, ಇನ್ನೊಂದಕ್ಕೆ ಕ್ಲಿಂಡಾಮೈಸಿನ್ ಔಷಧ, ಮೂರನೆಯದಕ್ಕೆ ಸಾರವನ್ನು ಕರಗಿಸಿದ ದ್ರಾವಕ ಮಾತ್ರ ಹಾಕುತ್ತಾರೆ. ಕೊಂದದ್ದು ಹೂವೋ ದ್ರಾವಕವೋ ಎಂಬುದು ಆಗ ಗೊತ್ತಾಗುತ್ತದೆ. ಕುಳಿಯ ಸುತ್ತ ಜೀವಿ ಬೆಳೆಯದ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ಆದರೆ ತಟ್ಟೆಯಲ್ಲಿ ಗೆದ್ದದ್ದೆಲ್ಲ ಮುಖದ ಮೇಲೆ ಗೆಲ್ಲುವುದಿಲ್ಲ. ಸಾರವು ಚರ್ಮದೊಳಗೆ ಇಳಿಯಬೇಕು, ಅಲರ್ಜಿ ತರಬಾರದು. ಆದ್ದರಿಂದ ರೋಗಿಗಳ ಮೇಲೆಯೇ ಪರೀಕ್ಷಿಸಬೇಕಾಗುತ್ತದೆ. ಆಸ್ಟ್ರೇಲಿಯಾದ ಟೀ ಟ್ರೀ ಎಣ್ಣೆಯನ್ನು 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 124 ಮಂದಿಯ ಮೇಲೆ, ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಔಷಧದೊಡನೆ ಹೋಲಿಸಿ ನೋಡಿದರು. ಎರಡೂ ಮೊಡವೆ ತಗ್ಗಿಸಿದವು. ಎಣ್ಣೆಯ ಕೆಲಸ ನಿಧಾನ, ತೊಂದರೆಯೂ ಕಡಿಮೆ.

ಪೋಷಕರೇ, ತಂಗಡಿ ಪುಡಿ ಸ್ನಾನದ ಪುಡಿಯಾಗಿ ಮನೆಯಲ್ಲಿರಲಿ. ಮುಖಕ್ಕೆ ಹಚ್ಚುವ ಮೊದಲು ಮುಂಗೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಬಿಳುಪಿನ ಆಸೆಗೆ ಅಂಗಡಿಯಿಂದ ಸ್ಟೀರಾಯ್ಡ್ ಕ್ರೀಮು ತಂದು ಹಚ್ಚಬೇಡಿ. ಚರ್ಮ ತೆಳುವಾಗುತ್ತದೆ, ಮೊಡವೆಯೂ ಹೆಚ್ಚುತ್ತದೆ. ಗಂಟುಗಂಟಾಗಿ ನೋಯುವ ಮೊಡವೆ ಇದ್ದರೆ ಹೂಪುಡಿಯನ್ನೇ ನಂಬಿ ತಿಂಗಳುಗಟ್ಟಲೆ ಕಾಯಬೇಡಿ. ತಡವಾದರೆ ಕುಳಿಬಿದ್ದ ಕಲೆ ಬಾಳಿನುದ್ದಕ್ಕೂ ಉಳಿಯಬಹುದು.

ಪವಿತ್ರ ಬೈಬಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಮಣ್ಣಿನಿಂದ ಬರುವ ಔಷಧವನ್ನೂ ವೈದ್ಯರನ್ನೂ ದೇವರ ಕೊಡುಗೆಯೆಂದು ಒಟ್ಟಿಗೇ ಗೌರವಿಸುತ್ತದೆ. ಗಿಡವನ್ನು ಪ್ರೀತಿಸುವ ನಾವು ಮಗಳನ್ನೋ ಮಗನನ್ನೋ ಚರ್ಮವೈದ್ಯರ ಬಳಿ ಕರೆದೊಯ್ಯಲು ಹಿಂಜರಿಯಬೇಕಾಗಿಲ್ಲ.