ಹತ್ತರ ಬಳಿಕದ ಎರಡು ವರ್ಷಗಳು

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಶಾಲೆಯ ಜಗಲಿಗೆ ಹೆತ್ತವರು ಬರತೊಡಗುವುದು ವಾಡಿಕೆ. ಕಳೆದ ಮಳೆಗಾಲದಲ್ಲಿ ಬಂದ ತಂದೆಯೊಬ್ಬರು, "ಮಾಸ್ಟ್ರೇ, ಮಗಳನ್ನು ಪ್ಲಸ್ ವನ್‌ಗೆ ಸೇರಿಸಿ ಆಯಿತು. ಎರಡನೆಯ ಭಾಷೆ ಹಿಂದಿ ಅಂತ ಬರೆಸಿದೆ. ಕನ್ನಡ ಹೇಗೂ ಮನೆಯಲ್ಲಿ ಉಂಟಲ್ಲ?" ಎಂದರು. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯ ಕನ್ನಡದ ಓದು ಅಂದಿಗೆ ಮುಗಿಯುವುದರಲ್ಲಿತ್ತು.

ಕಾಸರಗೋಡಿನ ನಮ್ಮ ಮಕ್ಕಳು ಪಡೆಯುವುದು ಕೇರಳದ ಹೈಯರ್ ಸೆಕೆಂಡರಿ ಪ್ರಮಾಣಪತ್ರ. ಅದಕ್ಕೆ ಪ್ಲಸ್ ವನ್ ಮತ್ತು ಪ್ಲಸ್ ಟು ಎಂಬ ಎರಡು ವರ್ಷಗಳಲ್ಲಿ ಆರು ವಿಷಯಗಳನ್ನು ಅಭ್ಯಸಿಸಬೇಕು. ಮೊದಲನೆಯದು ಇಂಗ್ಲಿಷ್, ಎರಡನೆಯದು ವಿದ್ಯಾರ್ಥಿಯು ಆರಿಸಿಕೊಳ್ಳುವ ಭಾಷೆ, ಉಳಿದ ನಾಲ್ಕು ವಿಜ್ಞಾನ, ವಾಣಿಜ್ಯ ಅಥವಾ ಮಾನವಿಕ ವಿಭಾಗದ ಐಚ್ಛಿಕ ವಿಷಯಗಳು.

ಪ್ರತಿಯೊಂದು ವಿಷಯಕ್ಕೆ ಎರಡು ವರ್ಷಗಳಲ್ಲಿ ಒಟ್ಟು 200 ಅಂಕಗಳಂತೆ ಆರಕ್ಕೆ 1200 ಅಂಕಗಳು. ತೇರ್ಗಡೆಗೆ ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ ಶೇಕಡಾ 30, ಅಂದರೆ ಡಿ ಪ್ಲಸ್ ಶ್ರೇಣಿ ಅಗತ್ಯ. ತರಗತಿಯ ಚಟುವಟಿಕೆಗಳಿಗೆ ನೀಡುವ ನಿರಂತರ ಮೌಲ್ಯಮಾಪನದ ಅಂಕಗಳೇ ಕೈಹಿಡಿದಾವೆಂದು ನೆಚ್ಚಿ ಕೂರಲಾಗದು. ಲಿಖಿತ ಪರೀಕ್ಷೆಯಲ್ಲಿಯೂ ಪ್ರತ್ಯೇಕವಾಗಿ ಶೇಕಡಾ 30 ಗಳಿಸಲೇಬೇಕು. "ಪ್ಲಸ್ ವನ್ ಆಟದ ವರ್ಷ" ಎಂಬ ಮಾತು ಮಕ್ಕಳ ನಡುವೆ ಇದೆ. ಅದು ತಪ್ಪು. ಮೊದಲ ವರ್ಷದ ಅಂಕಗಳೂ ಒಟ್ಟು ಮೊತ್ತಕ್ಕೆ ಸೇರುತ್ತವೆ.

ಐಚ್ಛಿಕ ವಿಷಯಗಳ ಆಯ್ಕೆಯಲ್ಲಿ ನೆರೆಮನೆಯ ಹುಡುಗನನ್ನು ನೋಡಿ ನಿರ್ಧರಿಸಬಾರದು. ವಿಜ್ಞಾನ ವಿಭಾಗದಲ್ಲಿ ಗಣಿತವನ್ನು ಒಳಗೊಂಡ ಸಂಯೋಜನೆಗಳೂ ಇವೆ, ಗಣಿತವಿಲ್ಲದವೂ ಇವೆ. ಗಣಿತವಿಲ್ಲದ್ದನ್ನು ಹಿಡಿದವನು ಎರಡು ವರ್ಷಗಳ ಬಳಿಕ ಇಂಜಿನಿಯರಿಂಗ್ ಬಯಸಿದರೆ ಪಶ್ಚಾತ್ತಾಪವೇ ಗತಿ.

ಇನ್ನು ಎರಡನೆಯ ಭಾಷೆಯ ಮಾತು. ಮಲಯಾಳ, ಹಿಂದಿ, ಅರಬ್ಬಿ, ಸಂಸ್ಕೃತಗಳಂತೆ ಕನ್ನಡವೂ ಆ ಪಟ್ಟಿಯಲ್ಲಿದೆ. ಆದರೆ ಎಲ್ಲ ಶಾಲೆಗಳಲ್ಲಿಯೂ ಅದನ್ನು ಕಲಿಸುವ ಏರ್ಪಾಡಿಲ್ಲ. ಆದುದರಿಂದ ಏಕಜಾಲಕದ ಅರ್ಜಿಯಲ್ಲಿ ಶಾಲೆಗಳ ಹೆಸರನ್ನು ಕ್ರಮವಾಗಿ ಬರೆಯುವ ಮೊದಲೇ "ನಿಮ್ಮಲ್ಲಿ ಕನ್ನಡ ಉಂಟೇ?" ಎಂದು ವಿಚಾರಿಸಿರಿ. ಐಚ್ಛಿಕ ವಿಷಯಗಳ ಪಾಠ ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಸಾಗುವಾಗ, ಮಗುವಿಗೆ ಕನ್ನಡದಲ್ಲಿ ಆಲೋಚಿಸಿ ಬರೆಯಲು ಉಳಿಯುವುದು ಆ ಒಂದು ಪಿರಿಯಡು ಮಾತ್ರ. ಮನೆಯ ಮಾತು ನಾಲಗೆಯನ್ನು ಉಳಿಸೀತು, ಬರವಣಿಗೆಯನ್ನು ಉಳಿಸದು. ಮುಂದೆ ಕನ್ನಡ ಅಧ್ಯಾಪಕರಾಗ ಬಯಸುವವರಿಗಂತೂ ಇದೇ ಬುನಾದಿ. ಕರ್ನಾಟಕದ ವೃತ್ತಿಶಿಕ್ಷಣ ಕೋರ್ಸುಗಳಿಗೆ ಗಡಿನಾಡ ಕನ್ನಡಿಗರೆಂದು ಅರ್ಹತೆ ಕೋರುವವರು ಕನ್ನಡ ಭಾಷಾ ಪರೀಕ್ಷೆಯನ್ನೂ ಎದುರಿಸಬೇಕಾಗುತ್ತದೆ.

ಆ ತಂದೆ ಮರುದಿನವೇ ಶಾಲೆಗೆ ಹೋಗಿ ಕೇಳಿಕೊಂಡರು. ದಾಖಲೆಗಳು ಅಂತಿಮಗೊಂಡಿರದ ಕಾರಣ ಭಾಷೆಯನ್ನು ಬದಲಾಯಿಸಿಕೊಟ್ಟರು. ಎಲ್ಲರಿಗೂ ಆ ಮರುದಿನ ದೊರೆಯದು. ಆದುದರಿಂದ ಅರ್ಜಿಗೆ ಸಹಿ ಹಾಕುವ ಮುನ್ನ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಆರೂ ವಿಷಯಗಳನ್ನು ಒಮ್ಮೆ ಗಟ್ಟಿಯಾಗಿ ಓದಿರಿ.