ಬಂದರಿನಲ್ಲಿ ಎಂಟು ಗಂಟೆ: ಯುರೋಪಿನಲ್ಲಿ ಏನು ತಿನ್ನೋಣ?

ಬ್ಯಾರಿಗಳಿಗೂ ಕಡಲಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಈಗ ಅದಕ್ಕೆ ಹೊಸದೊಂದು ಎಳೆ ಸೇರಿದೆ. ನಮ್ಮ ಯುವಕರು ಪ್ರವಾಸಿ ಹಡಗುಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ಗಲ್ಫ್‌ನಲ್ಲಿರುವ ಕೆಲವು ಕುಟುಂಬಗಳು ಮಕ್ಕಳ ರಜೆಯಲ್ಲಿ ಮೆಡಿಟರೇನಿಯನ್ ಕ್ರೂಸ್‌ಗೆ ಹೋಗಿ ಬರುತ್ತವೆ. ಹಡಗು ಸಾಮಾನ್ಯವಾಗಿ ಬೆಳಿಗ್ಗೆ ಏಳೆಂಟು ಗಂಟೆಗೆ ಬಂದರು ಸೇರಿ ಸಂಜೆ ಐದಾರಕ್ಕೆ ಹೊರಡುತ್ತದೆ. ನಡುವೆ ಸಿಗುವ ಏಳೆಂಟು ಗಂಟೆಯಲ್ಲಿ ಊರು ನೋಡಬೇಕು, ನಮಾಝ್ ಮಾಡಬೇಕು, ಹೊಟ್ಟೆಗೂ ಏನಾದರೂ ಬೇಕು.

ಈ ಹೊಟ್ಟೆಯ ವಿಷಯದಲ್ಲಿ ನಮ್ಮವರು ಎರಡು ದಾರಿ ಹಿಡಿಯುವುದುಂಟು. ಕೆಲವರು ಎಲ್ಲವೂ ಹರಾಮ್ ಇರಬಹುದು ಎಂದು ಹೆದರಿ ಬಾಳೆಹಣ್ಣು, ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಾರೆ. ಇನ್ನು ಕೆಲವರು 'ಬ್ರೆಡ್ ತಾನೇ, ಸಿಹಿ ತಾನೇ' ಎಂದು ಕೇಳದೆಯೇ ತಿಂದು ಬಿಡ್ತಾರೆ. ಎರಡೂ ಬೇಕಾಗಿಲ್ಲ. ಹಲಾಲ್ ಊಟ ಹುಡುಕುವುದು ಎಂದರೆ ಹೋದಲ್ಲೆಲ್ಲ ಬಿರಿಯಾನಿ ಹೋಟೆಲ್ ಹುಡುಕುವುದು ಅಂತ ಅಲ್ಲ. ಆ ಬಂದರುಗಳ ಬಡವರ ಊಟವೇ ಮೀನು, ಕಡಲೆ ಹಿಟ್ಟು, ರೊಟ್ಟಿ, ಟೊಮೆಟೊ ಮತ್ತು ಆಲಿವ್ ಎಣ್ಣೆಯಿಂದ ಆದದ್ದು. ಅದರಲ್ಲಿ ನಾವು ನೆಮ್ಮದಿಯಿಂದ ತಿನ್ನುವಂಥದ್ದು ಬೇಕಾದಷ್ಟುಂಟು. ಯಾವುದು, ಎಲ್ಲಿ ಎಂದು ಮೊದಲೇ ತಿಳಿದಿದ್ದರೆ ಸಾಕು.

ಕೇಳಬೇಕಾದ ಮೂರು ಪ್ರಶ್ನೆ

ಮಾಂಸ ಉಂಟಾ? ಹಂದಿ ಕೊಬ್ಬು ಹಾಕಿದ್ದೀರಾ? ವೈನ್ ಹಾಕಿದ್ದೀರಾ? ಮೊದಲನೆಯದನ್ನು ಎಲ್ಲರೂ ಕೇಳ್ತಾರೆ. ತಪ್ಪುವುದು ಉಳಿದ ಎರಡರಲ್ಲಿ. ನಾವು ತುಪ್ಪ, ಡಾಲ್ಡಾ ಹಾಕುವ ಜಾಗದಲ್ಲಿ ಆ ದೇಶಗಳವರು ಹಂದಿ ಕೊಬ್ಬು ಹಾಕುವ ರೂಢಿ ಹಳೆಯದು. ಹಾಗಾಗಿ ಅದು ಸಿಹಿತಿಂಡಿಯ ಪದರದಲ್ಲೂ ಇರಬಹುದು. ಮೀನು, ಪಚ್ಚಿಲೆ ಬೇಯಿಸುವಾಗ ವೈನ್ ಸುರಿಯುವುದೂ ಸಾಮಾನ್ಯ. 'ಬೇಯುವಾಗ ಆವಿಯಾಗಿ ಹೋಗ್ತದೆ' ಎಂದು ಹೋಟೆಲಿನವರು ಹೇಳಿದರೆ ಒಪ್ಪಬೇಡಿ. ವೈನ್ ನಜಸ್, ಅದು ಸೇರಿದ ಅಡುಗೆ ನಮಗೆ ಬೇಡ. ಚೀಸ್ ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು. ಅದರ ಬಗ್ಗೆ ಹೊರಡುವ ಮೊದಲೇ ನಿಮ್ಮ ಉಸ್ತಾದರ ಹತ್ತಿರ ಕೇಳಿಕೊಳ್ಳಿ.

ಇನ್ನೊಂದು ಕಡೆ ನಮಗೆ ವಿಶಾಲವಾದ ಬಾಗಿಲು ತೆರೆದಿದೆ. ಶಾಫಿಈ ಮದ್‌ಹಬ್‌ನಲ್ಲಿ ಕಡಲ ಜೀವಿಗಳಲ್ಲಿ ಬಹುಪಾಲು ಹಲಾಲ್. ಸಿಗಡಿ, ಬೊಂಡಾಸ್, ಪಚ್ಚಿಲೆ ಎಲ್ಲ ಆಗ್ತದೆ. ಜೊತೆಗೆ ಹನಫಿ ಗೆಳೆಯರಿದ್ದರೆ ಬೊಂಡಾಸ್, ಪಚ್ಚಿಲೆ ತಿನ್ನಲು ಅವರನ್ನು ಒತ್ತಾಯಿಸಬೇಡಿ, ಅವರ ಮದ್‌ಹಬ್ ಬೇರೆ. ಸುಟ್ಟ ಮೀನು ಎಲ್ಲರಿಗೂ ಸುರಕ್ಷಿತ. ಕರಿದದ್ದಾದರೆ ಅದೇ ಎಣ್ಣೆಯಲ್ಲಿ ಹಂದಿ ಮಾಂಸ ಕರಿದಿದ್ದಾರಾ ಎಂದು ಕೇಳಲೇಬೇಕು.

ಈಗ ಒಂದೊಂದೇ ಬಂದರು ನೋಡೋಣ.

ಲಿಸ್ಬನ್: ಅಲ್ಲಿಯೂ ಬೂತಾಯಿ

ಮೆಣಸು ಹುಡುಕಿಕೊಂಡು 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮ ಹೊರಟದ್ದು ಈ ಊರಿನಿಂದ. ಇಲ್ಲಿನವರಿಗೆ ಸಾರ್ಡಿನ್ ಎಂದರೆ ಪ್ರಾಣ. ಅದು ನಮ್ಮ ಬೂತಾಯಿಯ ಹತ್ತಿರದ ನೆಂಟ. ಜೂನ್ ತಿಂಗಳಲ್ಲಿ ಬೀದಿ ಬೀದಿಯಲ್ಲಿ ಕೆಂಡದ ಮೇಲೆ ಸುಡುತ್ತಾರೆ. ಮಸಾಲೆ ಇಲ್ಲ, ಹರಳುಪ್ಪು ಮಾತ್ರ. ರೊಟ್ಟಿಯ ತುಂಡಿನ ಮೇಲಿಟ್ಟು ಕೊಡುತ್ತಾರೆ, ಮೀನಿನ ಎಣ್ಣೆ ರೊಟ್ಟಿಗೆ ಇಳಿಯುತ್ತದೆ. ಅದೇ ಕೆಂಡದ ಮೇಲೆ ಹಂದಿ ಮಾಂಸವನ್ನೂ ಸುಡುತ್ತಿದ್ದರೆ ಮುಂದಿನ ಅಂಗಡಿ ನೋಡಿ. ಬಕಲ್ಯಾವ್ ಎಂಬುದು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಒಣಮೀನು ತಿಂದು ಬೆಳೆದ ನಮಗೆ ಅದು ಹೊಸದೆನಿಸುವುದಿಲ್ಲ.

ಮೊಟ್ಟೆ, ಹಾಲಿನ ಕೆನೆಯ ಪಾಸ್ಟೆಲ್ ದ ನಾಟಾ ಇಲ್ಲಿನ ಹೆಸರಾಂತ ಸಿಹಿ. ಬೆಲೆಂ ಎಂಬಲ್ಲಿನ ಅಂಗಡಿ ಅದನ್ನು 1837ರಿಂದ ಮಾರುತ್ತಿದೆ. ಪದರಕ್ಕೆ ಹಾಕಿದ್ದು ಬೆಣ್ಣೆಯೋ ಬೇರೆಯೋ ಎಂದು ಕೇಳಿ ತಿನ್ನಿ. ಕಾಲ್ದೊ ವೆರ್ದೆ ಎಂಬ ಸೊಪ್ಪಿನ ಸೂಪಿನಲ್ಲಿ ಹಂದಿ ಸಾಸೇಜ್ ತುಂಡು ಇರುತ್ತದೆ, ಅದನ್ನು ಬಿಡಿ. ಮಾಂಸದ ಊಟವೇ ಬೇಕಾದರೆ ಮೊರಾರಿಯ ಎಂಬ ಹಳೆಯ ಕೇರಿಗೆ ಹೋಗಿ. 1147ರಲ್ಲಿ ಕ್ರೈಸ್ತರು ಊರನ್ನು ಗೆದ್ದ ನಂತರ ಮುಸ್ಲಿಮರಿಗೆ ಬಿಟ್ಟುಕೊಟ್ಟ ಜಾಗವದು. ಇಂದು ಅಲ್ಲಿ ಬಾಂಗ್ಲಾದೇಶೀಯರ ಹಲಾಲ್ ಹೋಟೆಲ್‌ಗಳಿವೆ.

ಬಾರ್ಸಿಲೋನ, ಪಾಲ್ಮಾ, ಮಾರ್ಸೆ

ಬಾರ್ಸಿಲೋನದಲ್ಲಿ ಸುಟ್ಟ ರೊಟ್ಟಿಗೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡುತ್ತಾರೆ. ಬೆಳಗಿನ ತಿಂಡಿಗೆ ಬಹಳ ಒಳ್ಳೆಯದು. ಬೊಕೆರಿಯಾ ಮಾರುಕಟ್ಟೆಯಲ್ಲಿ ಹಣ್ಣು, ಮೀನು ನೋಡಲೇಬೇಕು, ಆದರೆ ಭಾನುವಾರ ರಜೆ. ಪಕ್ಕದ ರವಾಲ್ ಕೇರಿಯಲ್ಲಿ ಪಾಕಿಸ್ತಾನಿಗಳ ಹಲಾಲ್ ಅಂಗಡಿಗಳು ಸಾಲಾಗಿವೆ.

ಪಾಲ್ಮಾದಲ್ಲಿ ಸುರುಳಿ ಸುತ್ತಿದ ಎನ್ಸೈಮಾದ ಎಂಬ ಬನ್ನು ಎಲ್ಲ ಬೇಕರಿಗಳಲ್ಲೂ ಕಾಣ್ತದೆ. ಅದರ ಹೆಸರೇ 'ಸೈಮ್' ಅಂದರೆ ಹಂದಿ ಕೊಬ್ಬು ಎಂಬ ಪದದಿಂದ ಬಂದದ್ದು. ನೋಡಲಿಕ್ಕೆ ಸಾದಾ ಸಿಹಿ ಬನ್ನು, ಮಕ್ಕಳು ಕೈ ಚಾಚುತ್ತಾರೆ. ಜಾಗ್ರತೆ.

ಮಾರ್ಸೆಯಲ್ಲಿ ಕಡಲೆ ಹಿಟ್ಟನ್ನು ಕಾಯಿಸಿ, ಆರಿಸಿ, ತುಂಡು ಮಾಡಿ ಕರಿದ ಪನಿಸ್ ಸಿಗುತ್ತದೆ. ನೊವಾಯ್ ಮಾರುಕಟ್ಟೆಯಲ್ಲಿ ಉತ್ತರ ಆಫ್ರಿಕಾದ ಮುಸ್ಲಿಮರ ಅಂಗಡಿಗಳುಂಟು. ಕ್ರೂಸ್ ಹಡಗು ನಿಲ್ಲುವ ಜಾಗ ಊರಿನಿಂದ ದೂರ, ಬಸ್ಸಿನ ಸಮಯ ನೋಡಿಕೊಳ್ಳಿ.

ನೇಪಲ್ಸ್: ಪಿಜ್ಜಾದ ತವರು

ಹಡಗು ಇಳಿದು ನಡೆದೇ ಊರೊಳಗೆ ಹೋಗಬಹುದು. ಇಲ್ಲಿನ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನೀವು ಕೇಳಬೇಕಾದದ್ದು ಪಿಜ್ಜಾ ಮರಿನಾರಾ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಚೀಸ್ ಕೂಡ ಇಲ್ಲ. ಸಾಂಪ್ರದಾಯಿಕ ಹಿಟ್ಟಿನಲ್ಲಿ ಗೋಧಿ, ನೀರು, ಉಪ್ಪು, ಯೀಸ್ಟ್ ಬಿಟ್ಟು ಬೇರೇನೂ ಇರುವುದಿಲ್ಲ.

ಆದರೆ ಅಪಾಯ ಇರುವುದೂ ಇದೇ ಊರಿನಲ್ಲಿ. ಸ್ಫೋಲ್ಯಾತೆಲ್ಲ ಎಂಬ ಪದರದ ಸಿಹಿಗೆ ಸಂಪ್ರದಾಯದಂತೆ ಹಂದಿ ಕೊಬ್ಬು ಹಾಕುತ್ತಾರೆ. ಮೆಣಸು ಹಾಕಿದ ಗಟ್ಟಿ ತರಾಲ್ಲಿ ಬಳೆಗಳಲ್ಲೂ ಅದೇ. ಬಾಬಾ ಎಂಬ ಮೆತ್ತಗಿನ ಕೇಕನ್ನು ರಮ್ಮಿನಲ್ಲಿ ನೆನೆಸಿರುತ್ತಾರೆ. ಈ ಮೂರೂ ಬೇಡ.

ಪಲೆರ್ಮೊ: ನಮ್ಮ ರುಚಿಯ ಊರು

ಸಿಸಿಲಿ ದ್ವೀಪದ ಈ ಊರು 831ರಿಂದ 1072ರವರೆಗೆ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ನಂತರ ಬಂದ ಕ್ರೈಸ್ತ ರಾಜ ಎರಡನೇ ರೋಜರ್‌ನ ಆಸ್ಥಾನದಲ್ಲಿದ್ದ ಭೂಗೋಳ ಪಂಡಿತ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ, ಹತ್ತಿರದ ತ್ರಾಬಿಯದಲ್ಲಿ 'ಇತ್ರಿಯ್ಯ' ಎಂಬ ಒಣ ಶಾವಿಗೆ ಮಾಡಿ ಹಡಗಿನಲ್ಲಿ ಹೊರದೇಶಗಳಿಗೆ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಇಟಲಿಯ ಪಾಸ್ತಾದ ಚರಿತ್ರೆ ಬರೆಯುವವರು ಇಂದಿಗೂ ಆ ಮಾತನ್ನು ಬಿಡುವುದಿಲ್ಲ.

ಬಲ್ಲರೊ ಮಾರುಕಟ್ಟೆಯಲ್ಲಿ ಪನೆಲ್ಲೆ ಕೇಳಿ. ಕಡಲೆ ಹಿಟ್ಟಿನ ತೆಳು ಬಿಲ್ಲೆಯನ್ನು ಎಣ್ಣೆಯಲ್ಲಿ ಕರಿದು, ಬನ್ನಿನೊಳಗೆ ಇಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು. ಟೊಮೆಟೊ, ಈರುಳ್ಳಿ, ಆಂಚೊವಿ ಮೀನು, ಚೀಸ್ ಹಾಕಿದ ದಪ್ಪ ರೊಟ್ಟಿಗೆ ಸ್ಫಿಂಚಿಯೋನೆ ಅನ್ನುತ್ತಾರೆ. ಅನ್ನದ ಉಂಡೆ ಅರಂಚಿನಾದೊಳಗೆ ಮಾಂಸದ ಕೈಮಾ ಅಥವಾ ಹಂದಿಯ ಹ್ಯಾಮ್ ಇರುವುದೇ ಹೆಚ್ಚು. ಕೇಳದೆ ಮುಟ್ಟಬೇಡಿ. ಗುಲ್ಮದ ಸ್ಯಾಂಡ್‌ವಿಚ್ ಅನ್ನು ಹಂದಿ ಕೊಬ್ಬಿನಲ್ಲೇ ಬೇಯಿಸುತ್ತಾರೆ. ಕಸ್ಸಾತಾ ಎಂಬ ಸಿಹಿಯ ಹೆಸರು ಅರಬಿಯ 'ಕಸ್ಅ' ಅಂದರೆ ಬಟ್ಟಲು ಎಂಬ ಪದದಿಂದ ಬಂದದ್ದೆಂದು ಹೇಳ್ತಾರೆ. ಅದರ ಕೇಕಿಗೆ ಮದ್ಯ ಚಿಮುಕಿಸುವುದುಂಟು, ಕೇಳಿ. ದ್ವೀಪದ ಪಶ್ಚಿಮ ತುದಿಯ ತ್ರಾಪನಿಯಲ್ಲಿ ಇಂದಿಗೂ ಮೀನಿನ ಸಾರು ಹಾಕಿ ಕುಸ್ಕುಸ್ ತಿನ್ನುತ್ತಾರೆ.

ವ್ಯಾಲೆಟ್ಟಾ: ಮದ್ರಸದ ಅರಬಿ ಕೆಲಸಕ್ಕೆ ಬರುವಲ್ಲಿ

ಮಾಲ್ಟಾದ ಭಾಷೆ ಅರಬಿಯ ಒಡಲಿನಿಂದಲೇ ಹುಟ್ಟಿದ್ದು, ಬರೆಯುವುದು ಮಾತ್ರ ಇಂಗ್ಲಿಷಿನಂಥ ಲಿಪಿಯಲ್ಲಿ. ರೊಟ್ಟಿಗೆ 'ಹೊಬ್ಸ್', ಎಣ್ಣೆಗೆ 'ಝೆಯ್ತ್', ಮಾಂಸಕ್ಕೆ 'ಲಹಮ್', ಹಾಲಿಗೆ 'ಹಲೀಬ್'. ಮೀನಿಗೆ 'ಹೂತ್'. ಯೂನುಸ್ ಅಲೈಹಿಸ್ಸಲಾಮರ ಚರಿತ್ರೆ ಕಲಿತ ನಮ್ಮ ಮೂರನೇ ಕ್ಲಾಸಿನ ಮಕ್ಕಳಿಗೂ ಈ ಪದ ಗೊತ್ತು. ಹಂದಿಗೆ 'ಹನ್ಝೀರ್', ಅದರ ಮಾಂಸಕ್ಕೆ 'ಮಯ್ಯಾಲ್'.

ಇಲ್ಲಿ ಹೊಬ್ಸ್ ಬಿಝ್ಝೆಯ್ತ್ ತಿನ್ನಿ. ಗಟ್ಟಿ ಸಿಪ್ಪೆಯ ರೊಟ್ಟಿಯೊಳಗೆ ಎಣ್ಣೆ, ಟೊಮೆಟೊ, ಆಲಿವ್, ಟ್ಯೂನಾ ಮೀನು. ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನಬಹುದು. ಇಮ್‌ಖಾರೆತ್ ಎಂಬುದು ಖರ್ಜೂರ ತುಂಬಿ ಕರಿದ ಸಿಹಿ. ಚೀಸ್ ಅಥವಾ ಬಟಾಣಿ ತುಂಬಿದ ಪಸ್ತಿತ್ಸಿ ಅಗ್ಗದ ತಿಂಡಿ. ಇವೆರಡರ ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆ ಎಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಇಲ್ಲಿ ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಕೇಳಲು ಕಷ್ಟವಿಲ್ಲ.

ಚೀಟಿಯಲ್ಲಿ ಬರೆದಿಡಿ

ಹಂದಿಗೆ ಇಟಾಲಿಯನ್‌ನಲ್ಲಿ ಮಯಾಲೆ, ಸ್ಪ್ಯಾನಿಷ್‌ನಲ್ಲಿ ಸೆರ್ದೊ, ಪೋರ್ಚುಗೀಸಿನಲ್ಲಿ ಪೋರ್ಕು, ಫ್ರೆಂಚ್‌ನಲ್ಲಿ ಪೋರ್. ಹಂದಿ ಕೊಬ್ಬಿಗೆ ಕ್ರಮವಾಗಿ ಸ್ತ್ರುತ್ತೊ, ಮಾಂತೆಕಾ, ಬಾನ್ಯ, ಸ್ಯಾಂದು. ವೈನ್‌ಗೆ ಇಟಲಿ, ಸ್ಪೇನ್‌ಗಳಲ್ಲಿ ವಿನೊ. ಮೊಬೈಲಿನ ಅನುವಾದ ಆ್ಯಪ್ ಅನ್ನು ಹಡಗಿನಲ್ಲೇ ಡೌನ್‌ಲೋಡ್ ಮಾಡಿಟ್ಟರೆ ಇಂಟರ್‌ನೆಟ್ ಇಲ್ಲದಲ್ಲೂ ನಡೆಯುತ್ತದೆ. ನಗುಮುಖದಿಂದ ಕೇಳಿದರೆ ಹೆಚ್ಚಿನವರು ಬೇಸರಿಸದೆ ಹೇಳುತ್ತಾರೆ. ಉತ್ತರದಲ್ಲಿ ಸಂಶಯ ಉಳಿದರೆ ಬಿಟ್ಟುಬಿಡಿ, ಮುಂದಿನ ಅಂಗಡಿ ಹತ್ತಿರವೇ ಇರುತ್ತದೆ.

ಸ್ಪೇನ್‌ನಲ್ಲಿ ಮಧ್ಯಾಹ್ನದ ಅಡುಗೆ ಒಂದು ಗಂಟೆಯ ನಂತರವೇ ಸಿಗುವುದು. ಆದ್ದರಿಂದ ಬೆಳಿಗ್ಗೆ ಹಡಗಿನಲ್ಲಿ ಚೆನ್ನಾಗಿ ತಿಂದು ಇಳಿಯಿರಿ. ಹೊರಗಿನ ಹಸಿ ಮೀನು, ಹಣ್ಣು, ಬೇಯಿಸಿದ ಊಟವನ್ನು ಮರಳಿ ಹಡಗಿಗೆ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ಕೊನೆಯ ಕರೆ ಹಡಗು ಹೊರಡುವುದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಇರುತ್ತದೆ. ಕೆಲಸಕ್ಕಿರುವ ಹುಡುಗರಿಗೆ ಅದು ಇನ್ನೂ ಬೇಗ. ಇಳಿಯುವಾಗಲೇ ಆ ಸಮಯವನ್ನು ಬರೆದುಕೊಳ್ಳಿ.